ಮಿಲ್ಟ್ರಿ ಬೋಟಿನ ದಿಬ್ಬಣ

ಆ ಶ್ರಾವಣದಲ್ಲಿ ಕೃಷ್ಣೆ ಎರಡೂ ದಂಡೆ ಮುಳುಗಿಸಿ ಹರಿಯುತ್ತಿದ್ದಳು. ನಾನು ಲಿಂಗಸುಗೂರಿನಲ್ಲಿದ್ದುಕೊಂಡು ಸುದ್ದಿ ಕಳಿಸುತ್ತಿದ್ದ ಪತ್ರಿಕೆಯ ಕಚೇರಿ ಸಿಂಧನೂರಿನಲ್ಲಿತ್ತು. ಒಂದು ಬೆಳಿಗ್ಗೆ ಸಂಪಾದಕರು ಫೋನ್ ಮಾಡಿದರು.

“ಹೊಳಿ ದಂಡಿಗೆ ಮಿಲ್ಟ್ರಿ ಬಂದೈತಿ. ಪರ್ಮಿಷನ್ ತೊಗೊಂಡೀನಿ. ಒಂದು ಫೋಟೋ ಹೊಡ್ಕೊಂಡು ವಾಪಸ್ ಬರಬ್ಯಾಡಮ್ಮ. ಅವರು ಇರೋತನ ಅವರ ಜೋಡಿನ ಇರು. ಅವರು ಉಂಡಿದ್ದು ಉಣ್ಣು, ಅವರು ಹೋದಲ್ಲಿ ಹೋಗು.”

ನನಗೆ ಎಷ್ಟು ಖುಷಿಯಾಯಿತೆಂದರೆ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಂದುಬಿಟ್ಟಿದ್ದೆ. ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ಕಾಲುವೆ ನೀರು, ಬಾರದ ಬಸ್ಸು, ಪಂಚಾಯಿತಿ ಸಭೆ. ಸೈನ್ಯದ ಜೊತೆಗಿದ್ದು ಬರೆಯುವುದೆಂದರೆ ದಿಲ್ಲಿಯ ಪತ್ರಕರ್ತರ ಕೆಲಸ ಅಂದುಕೊಂಡವಳು. ಮಸ್ಕಿಯಲ್ಲಿದ್ದ ಅಮ್ಮಿಗೆ ಫೋನಿನಲ್ಲೇ ಹೇಳಿ, ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊರಟೆ.

ಬಂದಿದ್ದದ್ದು ಯುದ್ಧದ ಹೊತ್ತಿನಲ್ಲಿ ಸೇತುವೆ ಹಾಕುವ, ನೆಲದಲ್ಲಿ ಹುಗಿದ ಬಾಂಬು ತೆಗೆಯುವ ತುಕಡಿ. ಕೆಲವೇ ತಿಂಗಳ ಹಿಂದೆ ಗಡಿಯಿಂದ ಇಳಿದುಬಂದಿತ್ತು. ಜವಾನರು ಯಾರೂ ನಮ್ಮ ಕಡೆಯವರಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲಿಸಿ, ಗಟ್ಟಿಯಾಗಿಯೇ ಇದ್ದ ಹಗ್ಗದ ಗಂಟನ್ನು ಮತ್ತೆ ಬಿಗಿಯುತ್ತಿದ್ದರು. ಊಟದ ಸಾಲಿನಲ್ಲಿ ನನಗೆ ಮೊದಲು ಬಡಿಸುತ್ತಿದ್ದರು, ಆದರೆ ನನ್ನ ಪಕ್ಕ ಯಾರೂ ಕೂಡುತ್ತಿರಲಿಲ್ಲ.

ಅವರ ಸುಬೇದಾರರು ಗಢವಾಲದ ಬೆಟ್ಟದ ಕಡೆಯವರು. ನರೆತ ಮೀಸೆ, ಸಣ್ಣ ದನಿ. ಎರಡನೆಯ ದಿನ ಅವರೇ ಬಂದು ಹಿಂದಿಯಲ್ಲಿ ಕಾರಣ ಹೇಳಿದರು.

“ಗಡಿಯಲ್ಲಿದ್ದಾಗ ಒಬ್ಬ ಪತ್ರಕರ್ತರು ಬಂದು ನಮ್ಮ ಜೊತೆ ವಾರಗಟ್ಟಲೆ ಇದ್ದರು ಮೇಡಂ. ಒಳ್ಳೆಯ ಮನುಷ್ಯ. ವಾಪಸ್ ಹೋಗಿ, ಇವರ ಕಣ್ಣಲ್ಲಿ ಆಳವಾದ ದುಃಖ ಇದೆ ಅಂತ ಬರೆದರು. ನಮ್ಮ ಹುಡುಗರ ಮನೆಗಳಲ್ಲಿ ಎಲ್ಲರೂ ಅತ್ತುಬಿಟ್ಟರು. ನಮಗೆ ದುಃಖ ಇರಲಿಲ್ಲ. ಚಳಿ ಇತ್ತು, ಅಷ್ಟೇ.”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಯಾರಾದರೂ ಅಳುತ್ತಿರುವಾಗ ಫೋಟೋ ತೆಗೆಯಬೇಡಿ ಎಂದಷ್ಟೇ ಹೇಳಿ ಹೊರಟುಹೋದರು.

ಆ ಬಿಗಿ ಸಡಿಲಾದದ್ದು ನನ್ನ ಹಿಂದಿಯಿಂದ. ಹಿಂದಿ ಎಂದರೆ, ನಮ್ಮ ಮನೆಯ ಮಾತಾದ ದಖನಿ. ಅದೇ ಸಂಜೆ ಸುಬೇದಾರರು ಡೇರೆ ಹಾಕಿದ್ದ ಜಾಗ ತೋರಿಸಿ, ಇಲ್ಲಿಯವರೆಗೆ ನೀರು ಯಾವತ್ತಾದರೂ ಬಂದಿತ್ತೇ ಎಂದು ಕೇಳಿದರು.

“ಹೌ ಸಾಬ್, ಪರ್ಸೋಂ ಆಯಾ ಥಾ,” ಎಂದೆ ಧೈರ್ಯವಾಗಿ.

ದಖನಿಯಲ್ಲಿ ಪರ್ಸೋಂ ಎಂದರೆ ಹಿಂದೆ ಯಾವಾಗಲೋ. ಹೋದ ವರ್ಷವೂ ಇರಬಹುದು, ನಾನು ಹುಟ್ಟಿದ ವರ್ಷವೂ ಇರಬಹುದು. ಅವರ ಹಿಂದಿಯಲ್ಲಿ ಅದು ಬರೀ ಮೊನ್ನೆ. ಸುಬೇದಾರರು ಸೀಟಿ ಊದಿದರು. ಜವಾನರು ಓಡಿಬಂದು ಗೂಟ ಕೀಳತೊಡಗಿದರು. ಡೇರೆ, ಪೆಟ್ಟಿಗೆ, ಬೇಳೆ ಕುದಿಯುತ್ತಿದ್ದ ಪಾತ್ರೆ ಎಲ್ಲವೂ ದಿಬ್ಬದ ಮೇಲಿನ ಗುಡಿಯ ಕಡೆ ಹೊರಟವು. ಅರ್ಧ ಸಾಮಾನು ಮೇಲೇರಿದ ಮೇಲೆ ನಾನು, ಇದೆಲ್ಲ ಯಾಕೆ ಎಂದು ಕೇಳಿದೆ.

“ಮೊನ್ನೆ ಬಂದ ನೀರು ಇವತ್ತೂ ಬರಬಹುದಲ್ಲ ಮೇಡಂ!”

“ಮೊನ್ನೆ ಅಲ್ಲ ಸಾಬ್. ನಾನು ಸಾಲಿಗೆ ಹೋಗ್ತಿದ್ನಲ್ಲ, ಆವಾಗ.”

ಸುಬೇದಾರರು ನನ್ನನ್ನೇ ನೋಡಿದರು. ಆಮೇಲೆ ಬೇಳೆ ಪಾತ್ರೆ ಹೊತ್ತಿದ್ದ ಅಡುಗೆಯವನು ಪಾತ್ರೆಯನ್ನು ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ಹಿಂದೆ ಎಲ್ಲರೂ. ಸುಬೇದಾರರ ಮೀಸೆ ಕೂಡ ಕುಣಿಯಿತು. ದಿಬ್ಬದ ಮೇಲೆ ಗಾಳಿ ಚೆನ್ನಾಗಿತ್ತೆಂದು ಡೇರೆಗಳು ಅಲ್ಲಿಯೇ ಉಳಿದವು. ನನಗೆ ‘ಪರ್ಸೋಂ ಮೇಡಂ’ ಎಂಬ ಹೆಸರು ಬಿತ್ತು. ಆ ರಾತ್ರಿಯ ಊಟಕ್ಕೆ ನನ್ನ ಎರಡೂ ಪಕ್ಕ ಜನ ಕೂತಿದ್ದರು.

ಮರುದಿನ ಬೋಟಿನಲ್ಲಿ ನನ್ನನ್ನೂ ಕರೆದೊಯ್ದರು. ಹೊಳೆಯ ನಡುವಿನ ಗಡ್ಡೆಯಲ್ಲಿ ಕೆಲವು ಮನೆಗಳಿದ್ದವು. ತಗ್ಗಿನ ಮನೆಯವರನ್ನು ಈಚೆ ದಂಡೆಗೆ ತರಬೇಕಿತ್ತು. ಅವರ ಕನ್ನಡ ಜವಾನರಿಗೆ ತಿಳಿಯದು, ಇವರ ಹಿಂದಿ ಅವರಿಗೆ ತಿಳಿಯದು.

ಒಂದು ಮನೆಯ ಮುಂದೆ ಹಸಿರು ತೋರಣ ಕಟ್ಟಿತ್ತು. ಒಳಗೆ ಮೈತುಂಬ ಅರಿಷಿಣ ಹಚ್ಚಿಕೊಂಡ ಹುಡುಗಿ ಕೂತಿದ್ದಳು. ಮರುದಿನ ಗುರುಗುಂಟಾದ ಗಂಡಿನ ಮನೆಯಲ್ಲಿ ಅವಳ ಲಗ್ನ ಗೊತ್ತಾಗಿತ್ತು. ಬಾಗಿಲಿಗೆ ಅಡ್ಡಲಾಗಿ ಅವಳ ಅಜ್ಜಿ ಕಾಲು ಚಾಚಿ ಕೂತಿದ್ದಳು.

“ಲಗ್ನ ಮುಂದ ಹಾಕೀವಿ. ಇಂಥಾ ಹೊಳ್ಯಾಗ ಮದಲಗಿತ್ತೀನ ಕಳಸಾಕ ನಮಗ ತಲಿ ಕೆಟ್ಟೈತೇನು?”

ಒಳಗಿನಿಂದ ಹುಡುಗಿಯ ದನಿ ಬಂತು. “ಯಮ್ಮಾ, ಲಗ್ನ ನಂದು. ನಾ ಹೋಗ್ತೀನಿ.”

“ಸುಮ್ಮ ಕೂಡಬೇ ನೀ!” ಎಂದ ಅಜ್ಜಿ ನನ್ನ ಕಡೆ ತಿರುಗಿದಳು. “ಆ ಮೀಸಿ ಸಾಹೇಬನ್ನ ಕೇಳು. ಅವಂಗ ಹೆಣ್ಣಮಕ್ಕಳು ಅದಾವೇನು?”

ನಾನು ಕೇಳಿದೆ. ಸುಬೇದಾರರು ಟೊಪ್ಪಿಗೆ ತೆಗೆದು, ಅಜ್ಜಿಯ ಎದುರು ನೆಲದ ಮೇಲೆ ಕೂತರು. ತಮಗೆ ಇಬ್ಬರು ಹೆಣ್ಣುಮಕ್ಕಳು ಎಂದರು. ದೊಡ್ಡವಳ ಮದುವೆಯ ದಿನ ತಾವು ಗಡಿಯಲ್ಲಿದ್ದದ್ದಾಗಿಯೂ, ರಜೆ ಸಿಗದೆ ಎಲ್ಲವನ್ನೂ ಫೋನಿನಲ್ಲಿ ನೋಡಿದ್ದಾಗಿಯೂ ಹೇಳಿದರು. ಅಕ್ಕಿಕಾಳು ಬೀಳುವ ಹೊತ್ತಿಗೆ ಫೋನಿನ ನೆಟ್‌ವರ್ಕ್ ಹೋಯಿತಂತೆ. “ಈ ತಾಯಿಗೆ ಹೇಳಿ ಮೇಡಂ, ಇವರ ಮೊಮ್ಮಗಳ ಕಾಲು ನಾನು ಒದ್ದೆಯಾಗಲು ಬಿಡುವುದಿಲ್ಲ.”

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತಿದ್ದೆ. ಕೊನೆಯ ಮಾತಿಗೆ ಅಜ್ಜಿ ಕಾಲು ಮಡಚಿಕೊಂಡಳು.

“ಪಾಪ, ಮಗಳ ಮದುವಿ ನೋಡಿಲ್ಲಂತ! ಹಂಗಾರ ನಾಳಿ ಇವನೂ ಬರಬೇಕು. ಬಂದರನ ನಾವು ಏಳೋದು.”

ಸುಬೇದಾರರು ತಲೆಯಾಡಿಸಿ ಒಪ್ಪಿದರು. ಆಮೇಲೆ ಕೆಲಸ ಸರಸರ ನಡೆಯಿತು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಹುಡುಗಿ ತನ್ನನ್ನು ತಾನೇ ನೋಡಿಕೊಂಡು ನಕ್ಕಳು. ಬೋಟು ನಡೆಸುವ ಪಂಜಾಬಿನ ಜವಾನ ಬಾಗಿಲ ತೋರಣ ಬಿಚ್ಚಿ ತಂದು ಬೋಟಿನ ಮೂತಿಗೆ ಕಟ್ಟಿದ. ನಾನು ಫೋನು ಹೊರತೆಗೆಯುವಷ್ಟರಲ್ಲಿ ಸುಬೇದಾರರು, “ಅದನ್ನು ಒಳಗಿಡಿ. ಅಜ್ಜಿಯ ಕೈ ಹಿಡಿದುಕೊಳ್ಳಿ,” ಎಂದರು. ಹಿಡಿದುಕೊಂಡೆ.

ನಡುಹೊಳೆಯಲ್ಲಿ ಸೆಳವು ಬೋಟನ್ನು ಒಂದು ಸಲ ಪಕ್ಕಕ್ಕೆ ಎಳೆಯಿತು. ಅಜ್ಜಿ ನನ್ನ ಬೆರಳುಗಳನ್ನು ಹಿಂಡುತ್ತ ಕಣ್ಣು ಮುಚ್ಚಿಕೊಂಡು ಸೋಬಾನೆ ಎತ್ತಿಕೊಂಡಳು. ಹುಡುಗಿಯ ಅವ್ವ ದನಿಗೂಡಿಸಿದಳು, ಆಮೇಲೆ ಚಿಗವ್ವ. ಅರ್ಥ ಗೊತ್ತಿಲ್ಲದಿದ್ದರೂ ಜವಾನರು ತೊಡೆಯ ಮೇಲೆ ತಾಳ ಹಾಕಿದರು. ಬೋಟು ದಂಡೆ ಮುಟ್ಟಿದಾಗ ಹುಡುಗಿಯ ಕಾಲು ಒದ್ದೆಯಾಗಿರಲಿಲ್ಲ. ಸುಬೇದಾರರು ಮಾತ್ರ ಸೊಂಟದವರೆಗೆ ನೀರಿನಲ್ಲಿ ನಿಂತು ಬೋಟು ಹಿಡಿದಿದ್ದರು.

ಮರುದಿನ ನೀರು ಇಳಿಮುಖವಾಗಿತ್ತು. ಕ್ಯಾಂಪಿನ ಅಧಿಕಾರಿ, ಕೆಲಸವಿಲ್ಲದವರು ಹೋಗಿ ಬರಲಿ ಎಂದು ಅಪ್ಪಣೆ ಕೊಟ್ಟರು. ಗುರುಗುಂಟಾದ ಹಂದರದ ಮುಂದೆ ಮಿಲ್ಟ್ರಿ ಟ್ರಕ್ಕು ನಿಂತದ್ದೇ, ಬಾಜಾದವರು ಏನು ನಡೆಯಿತೋ ಎಂದು ಬಾರಿಸುವುದನ್ನೇ ಬಿಟ್ಟರು. ಅಜ್ಜಿ ಎದ್ದುಬಂದು, “ಯಾಕ ನಿಂತೀರಿ? ಬಾರಸ್ರಿ! ನಮ್ಮ ಬೀಗರು ಬಂದಾರ!” ಎಂದು ಕೂಗಿದಳು. ಬೀಗರಿಗೆ ಮಾಡುವ ಮರ್ಯಾದೆಯಂತೆ ಜವಾನರ ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಟವೆಲ್ಲು ಬಂದವು. ಅಕ್ಕಿಕಾಳು ಒಗೆಯುವ ಹೊತ್ತಿಗೆ ಸುಬೇದಾರರನ್ನು ಹುಡುಗಿಯ ಅಪ್ಪನ ಪಕ್ಕ ನಿಲ್ಲಿಸಿದರು. ಅವರು ಮುಷ್ಟಿ ತುಂಬ ಅಕ್ಕಿ ಹಿಡಿದವರು ಕೈ ಬಿಚ್ಚುವುದನ್ನೇ ಮರೆತು ನಿಂತಿದ್ದರು. ಅಜ್ಜಿ ಮೊಣಕೈಯಿಂದ ತಿವಿದಳು.

ಊಟಕ್ಕೆ ಹೋಳಿಗೆ. ತುಪ್ಪ ಸಾಕು ಎನ್ನಲು ಬಾರದ ಪಂಜಾಬಿನವನಿಗೆ ನಾನು, “ಸಾಕ್ರೀ ಅನ್ನು,” ಎಂದು ಕಲಿಸಿದೆ. ಅವನು ಅದನ್ನು ‘ಸಕ್ರೀ’ ಎಂದ. ಬಡಿಸುವವರು ಸಕ್ಕರೆ ತಂದು ಸುರಿದರು.

ನಾನು ಬರೆದು ಕಳಿಸಿದ ಸುದ್ದಿ ಓದಿ ಸಂಪಾದಕರು ಫೋನ್ ಮಾಡಿದರು. “ಪ್ರವಾಹದ ಸುದ್ದಿ ಕೇಳಿದ್ರ ಮದುವಿ ಸುದ್ದಿ ಕಳಿಸೀಯಲ್ಲಮ್ಮ!” ಎಂದು ಬೈದು, ಅದನ್ನೇ ಮೊದಲ ಪುಟದಲ್ಲಿ ಹಾಕಿದರು. ಪೇಪರು ಕ್ಯಾಂಪಿಗೆ ಬಂದ ದಿನ ಜವಾನರು ಸುತ್ತ ಕೂತು ಓದಿಸಿದರು. ನಾನು ಕನ್ನಡ ನೋಡಿಕೊಂಡು ದಖನಿಯಲ್ಲಿ ಹೇಳುತ್ತ ಹೋದೆ. ಮುಗಿದಾಗ ಅಡುಗೆಯವನು, ತನ್ನ ಬೇಳೆಯ ವಿಷಯ ಯಾಕೆ ಬರೆದಿಲ್ಲ ಎಂದು ಕೇಳಿದ. ಸುಬೇದಾರರು ಪೇಪರನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಹೆಂಡತಿಗೆ ಕಳಿಸುತ್ತಾರಂತೆ.

ಅವರು ಡೇರೆ ಕಿತ್ತ ದಿನ ಟ್ರಕ್ಕುಗಳು ಲಿಂಗಸುಗೂರು ದಾಟಿ ಸಿಂಧನೂರಿನ ಕಡೆ ಹೊರಟಿದ್ದವು. ನನ್ನನ್ನು ಮಸ್ಕಿಯಲ್ಲಿ ಇಳಿಸಿದರು. ರಸ್ತೆಗೆ ಬಂದು ಕಾಯುತ್ತಿದ್ದ ಅಮ್ಮಿ ನನ್ನನ್ನು ನೋಡಲೂ ಇಲ್ಲ. ಸೀದಾ ಮುಂದಿನ ಟ್ರಕ್ಕಿಗೆ ಅಡ್ಡ ನಿಂತು, “ಚಾ ಪಿಯೇ ಬಗೈರ್ ಜಾನಾ ನಕ್ಕೊ!” ಎಂದಳು. ಚಹಾ ಕುಡಿಯದೆ ಯಾರೂ ಹೋಗುವಂತಿಲ್ಲ. ಸುಬೇದಾರರು ಗಡಿಯಾರ ನೋಡಿಕೊಂಡರು, ಅಮ್ಮಿಯ ಮುಖ ನೋಡಿದರು, ಕೆಳಗಿಳಿದರು. ಪಕ್ಕದ ಮನೆಗಳಿಂದಲೂ ಕಪ್ಪುಗಳು ಬಂದವು. ಸಾಲದ್ದಕ್ಕೆ ಸ್ಟೀಲಿನ ಲೋಟ, ಬಟ್ಟಲು. ರಸ್ತೆಯ ಆಚೆ ಈಚೆ ಬಸ್ಸುಗಳು ಹಾರ್ನ್ ಹೊಡೆಯುತ್ತ ನಿಂತಿದ್ದವು. ಅಮ್ಮಿ ಕಿವಿಗೆ ಹಾಕಿಕೊಳ್ಳದೆ ಬೆಲ್ಲದ ಚಹಾ ಬಗ್ಗಿಸುತ್ತಲೇ ಇದ್ದಳು.