ಸೆರಗಿಲ್ಲದ ಸೀರೆ

ಇಳಕಲ್ಲಿನ ನಮ್ಮ ಎದುರುಮನೆಯ ನೇಕಾರ ಕನ್ನಡಕ ಹಾಕುತ್ತಿದ್ದನೋ ಇಲ್ಲವೋ, ಖಚಿತವಿಲ್ಲ; ನನ್ನ ನೆನಪು ಕೆಲವನ್ನು ತಾನೇ ತಿದ್ದಿಕೊಂಡಿರಬಹುದು. ಎಳೆ ಕಡಿದರೆ ಬೈಯದೆ, ಬೆರಳಿಗೆ ಎಂಜಲು ಹಚ್ಚಿ ಹೊಸೆಯುತ್ತ, "ಇರಲಿ, ಆತ ನೋಡ್ಕೋತಾನ" ಎನ್ನುತ್ತಿದ್ದುದು ಮಾತ್ರ ನಿಜ. ಆತ ಎಂದರೆ ಯೇಸು. ಲೋಕ ಕಾದಿದ್ದ ರಕ್ಷಕ, ಮೆಸ್ಸೀಯ, ಅವನೇ ಎಂದು ನಂಬಿ ನೇಕಾರ ದೀಕ್ಷಾಸ್ನಾನ ಪಡೆದ ಮೇಲೆ ಅವನ ಹೆಂಡತಿ ತವರಿಗೆ ಹೋದಳು. ಓಣಿಯವರು ಅವನ ಹೊಸ್ತಿಲು ತುಳಿಯಲಿಲ್ಲ.

ನಮ್ಮಲ್ಲಿ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಕೊಂಡಿ ಹಿಡಿಯಲು ಹೆಂಡತಿಯಿಲ್ಲದೆ ಅವನ ಮಗ್ಗ ನಿಂತಿತು. ಒಂದು ದಿನ ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ಮಗಳನ್ನ ಒಂದ್ ತಾಸು ಕಳಸ್ರಿ. ಕೊಂಡಿ ಹಿಡದ್ರ ಸಾಕು."

"ಆತ ನೋಡ್ಕೋತಾನಲ್ಲ, ಅವನ್ನ ಕರಿ," ಎಂದಳು ಅವ್ವ. ಆಮೇಲೆ ಮೆತ್ತಗೆ, "ಅವನ್ನ ಬಿಟ್ಟೇನಿ ಅಂದುಬಿಡು, ತಮ್ಮಾ. ನಾನ ಬರ್ತೇನಿ."

"ಹಂಗಂದು ಆತನ ಹಿಂದ ಹೆಂಗ ನಡೀಲ್ರಿ?"

ಕಾಲೇಜಿನ ರಜೆಗೆ ಬಂದಿದ್ದ ನಾನು ಎದ್ದು ಹೊಸ್ತಿಲವರೆಗೆ ಹೋಗಿದ್ದೆ. ದಾಟಲಿಲ್ಲ. ಮರುವಾರ ಅವನು ಸೆರಗಿಲ್ಲದ ಸೀರೆಯನ್ನು ಮಗ್ಗದಿಂದ ಕತ್ತರಿಸಿಟ್ಟು, ಕಲ್ಲಿನ ಕ್ವಾರಿಗೆ ಕೂಲಿಗೆ ಹೋದ. ಅಲ್ಲಿಂದ ಮರಳಿ ಬರಲಿಲ್ಲ.

ಮೊನ್ನೆ ಅವ್ವನನ್ನು ಕೇಳಿದೆ.

"ಅವತ್ತ ನೀ ನನ್ನ ರಟ್ಟಿ ಹಿಡದು ಜಗ್ಗಿದ್ಯೋ, ನಾನಾಗೇ ನಿಂತ್ನೋ?"