ರುದ್ರಾಣಿಯವರ ಚೀಲ ಕೋರ್ಟಿಗೆ ಹೋದ ದಿನ

ಫ್ರಿಜ್ಜನ್ನು ಹೊತ್ತುಕೊಂಡು ಹೋಗುತ್ತಾರೋ ಏನೋ ಎಂಬ ಯೋಚನೆ ಆ ಶುಕ್ರವಾರ ಬೆಳಗಿನಿಂದ ನನ್ನನ್ನು ಬಿಡಲಿಲ್ಲ. ಹನ್ನೊಂದಕ್ಕೆ ಅತ್ತೆ ಕೋರ್ಟಿನಲ್ಲಿ ಇಲ್ಲದಿದ್ದರೆ ಅವರ ಗೈರಿನಲ್ಲೇ ತೀರ್ಪು, ತೀರ್ಪಾದರೆ ಜಪ್ತಿ, ಜಪ್ತಿಯೆಂದರೆ ಫ್ರಿಜ್ಜು, ಫ್ರಿಜ್ಜಿನೊಳಗೆ ನನ್ನ ಎರಡು ವರ್ಷದ ಮಗಳು ಮಾನ್ಯಳ ಔಷಧಿ.

ನಮ್ಮತ್ತೆ ರುದ್ರಾಣಿ, ಮಾವ ತೀರಿಕೊಂಡ ಮೇಲೆ ನಗರ್ತಪೇಟೆಯ ಜರಿ ಅಂಗಡಿಯನ್ನು ಒಬ್ಬರೇ ನಡೆಸಿದವರು. ಅಂಗಡಿಯ ಬಾಡಿಗೆ ಕೇಸನ್ನು ಹನ್ನೊಂದು ವರ್ಷ ವಾದಿಸಿದವರು ಚಾಮರಾಜಪೇಟೆಯ ನಮ್ಮ ಎದುರು ಮನೆಯ ವಕೀಲರು, ವೀರಭದ್ರಯ್ಯನವರು. ಕೊನೆಗೆ ಅತ್ತೆಯೇ ಮಾಲೀಕರ ಮನೆಗೆ ಹೋಗಿ, ಕಾಫಿ ಕುಡಿದು, ರಾಜಿ ಮಾಡಿಕೊಂಡು ಬಂದರು. ರಾಜಿ ಮಾಡಿದ್ದು ನಾನು, ಫೀಸು ಯಾಕೆ ಎಂದರು. ಹನ್ನೊಂದು ವರ್ಷ ನಿಂತದ್ದು ನನ್ನ ಕಾಲು ಎಂದು ವಕೀಲರು ಬಾಕಿ ಫೀಸಿಗೆ ದಾವೆ ಹಾಕಿದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ವಕೀಲರ ಹೆಂಡತಿ ಪಾರ್ವತಮ್ಮನೂ ಅತ್ತೆಯೂ ರಂಗೋಲಿ ಹಾಕುತ್ತಾ ಆಡುವುದು ಮಾತಿನ ಲೆಕ್ಕಕ್ಕಿಲ್ಲ.

ಅತ್ತೆ ರಾಹುಕಾಲದಲ್ಲಿ ಹೊಸ್ತಿಲು ದಾಟುವವರಲ್ಲ. ಶುಕ್ರವಾರ ಅದು ಹತ್ತೂವರೆಯಿಂದ ಹನ್ನೆರಡು. ಇದಕ್ಕೆ ಉಪಾಯ, ಪ್ರಸ್ಥಾನ: ಒಳ್ಳೆಯ ಹೊತ್ತಿನಲ್ಲೇ ಚೀಲವನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ನಿಧಾನವಾಗಿ ಲಿಂಗಪೂಜೆ ಮುಗಿಸಿ ಹೊರಟರಾಯಿತು.

ಹತ್ತು ಮುಕ್ಕಾಲಿಗೆ ಆಟೊ ಬಂತು. ಚೀಲ ಎಲ್ಲಿಟ್ಟಿರಿ ಎಂದು ಕೇಳಿದೆ.

"ಏಳು ಗಂಟೆಗೇ ಎದುರು ಮನೇಲಿ ಇಟ್ಬಂದೆ. ಯಾವಾಗ್ಲೂ ಅಲ್ಲೇ ಅಲ್ವೇನೇ ಇಡೋದು?"

"ಅತ್ತೆ, ಕೇಸ್ ಹಾಕಿರೋದೇ ಎದುರು ಮನೆಯವರು."

ಅತ್ತೆಯ ಕೈ ಹಣೆಯ ವಿಭೂತಿಗೆ ಹೋಯಿತು.

ಮಾನ್ಯಳನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಅವರೆಕಾಯಿ ಬಿಡಿಸುತ್ತಿದ್ದ ಪಾರ್ವತಮ್ಮ, ಚೀಲವನ್ನು ನಮ್ಮವರು ತೆಗೆದುಕೊಂಡು ಹೋದರಲ್ಲ ಎಂದರು. ಹನ್ನೊಂದು ವರ್ಷ ವಾಯಿದೆ ದಿನ ಅತ್ತೆಯ ಚೀಲ ಮುಂದೆ ವಕೀಲರ ಸ್ಕೂಟರಿನಲ್ಲಿ, ಅತ್ತೆ ಹಿಂದೆ ಆಟೊದಲ್ಲಿ. ಈ ಸಲ ಕೇಸು ತಮ್ಮತಮ್ಮಲ್ಲೇ ಎಂದು ಇಟ್ಟವರಿಗೂ ನೆನಪಾಗಲಿಲ್ಲ, ಒಯ್ದವರಿಗೂ ನೆನಪಾಗಲಿಲ್ಲ.

ಸಮನ್ಸು, ಕನ್ನಡಕ ಎಲ್ಲವೂ ಅದರಲ್ಲೇ. ಹಾಗೇ ಹೋಗೋಣ, ಅಲ್ಲಿ ಯಾರನ್ನಾದರೂ ಕೇಳೋಣ ಎಂದು ಬೇಡಿಕೊಂಡೆ. ಚೀಲ ಎದುರು ಪಕ್ಷದವರ ಕೈಯಲ್ಲಿರುವಾಗ ರಾಹುಕಾಲದಲ್ಲಿ ಕಾಲಿಡುವುದಿಲ್ಲ ಎಂದು ಅತ್ತೆ ಹೊಸ್ತಿಲೊಳಗೇ ಕುರ್ಚಿ ಹಾಕಿಕೊಂಡು ಕೂತರು.

"ಚೀಲ ಹೋಗಿದೆಯಲ್ಲ. ಶಾಸ್ತ್ರದ ಪ್ರಕಾರ ನಾನೂ ಹೋಗಿದೀನಿ."

ಜಡ್ಜಿಗೆ ಈ ಶಾಸ್ತ್ರ ಗೊತ್ತೇ ಎಂದು ಕೇಳಹೋದವಳಿಗೆ ನಗು ಒತ್ತರಿಸಿಕೊಂಡು ಬಂತು. ಅತ್ತೆಗೂ ಬಂತು. ನಗುವುದು, ಗಡಿಯಾರ ನೋಡಿ ಹೆದರುವುದು, ಮತ್ತೆ ನಗುವುದು. ಕಾಯುತ್ತಿದ್ದ ಆಟೊದವರು ಮಾನ್ಯಳಿಗೆ ಹಾರ್ನ್ ಒತ್ತಲು ಬಿಟ್ಟರು. ಹನ್ನೊಂದು ಹೀಗೇ ಕಳೆಯಿತು, ಹನ್ನೊಂದೂವರೆಯೂ.

ವಕೀಲರ ನಂಬರನ್ನು ನನ್ನ ಗಂಡ ಈಶ್ವರ್ ನನ್ನ ಫೋನಿನಲ್ಲಿ 'ಎತ್ತಬೇಡ' ಎಂದು ಬದಲಿಸಿಟ್ಟಿದ್ದರು. ಎತ್ತಬೇಡ ಎಂದಿದೆ, ಮಾಡಬೇಡ ಎಂದಿಲ್ಲವಲ್ಲ. ಹನ್ನೆರಡಕ್ಕೆ ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದಿತು. ಒತ್ತಿಬಿಟ್ಟೆ, ಸ್ಪೀಕರೂ ಹಾಕಿದೆ.

ವೀರಭದ್ರಯ್ಯನವರು ಕ್ಯಾಂಟೀನಿನಲ್ಲಿದ್ದರು. ಕೇಸು ಕೂಗಿದಾಗ ಕೈಯಲ್ಲಿ ಅತ್ತೆಯ ಚೀಲ. ಅಭ್ಯಾಸದಂತೆ ಎದ್ದು, ರುದ್ರಾಣಿಯವರು ದಾರಿಯಲ್ಲಿದ್ದಾರೆ, ಕಾಲಾವಕಾಶ ಬೇಕು ಎಂದುಬಿಟ್ಟರಂತೆ. ನೀವು ಯಾರ ಕಡೆಯವರು ಎಂದು ಜಡ್ಜು ಕೇಳಿದರಂತೆ. ಇಡೀ ಕೋರ್ಟು ನಕ್ಕಮೇಲೆ ವಾಯಿದೆ ಮುಂದಕ್ಕೆ ಹೋಯಿತಂತೆ.

"ಮುಂದಿನ ಡೇಟು ಮಂಗಳವಾರ ಕಣಮ್ಮ. ಮೂರು ಗಂಟೆವರೆಗೂ ರಾಹುಕಾಲ ಇಲ್ಲ ಅಂತ ಹೇಳಿ. ಆಮೇಲೆ, ಚೀಲದಲ್ಲಿದ್ದ ನಿಪ್ಪಟ್ಟು ತಿಂದ್ಬಿಟ್ಟೆ. ಅದನ್ನ ಫೀಸಲ್ಲಿ ಹಿಡ್ಕೊಳ್ಳೋ ಹಾಗಿಲ್ಲ."

ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಎಷ್ಟು ತಿಂದ್ರು ಕೇಳೇ."