ಅಂಕವಿಲ್ಲದ ಡಾಕ್ಟರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಳವಳ್ಳಿ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟವ್ ಭುಸುಗುಡುತ್ತಿದೆ. ಅದರ ಮೇಲಿನ ಪಾತ್ರೆಯಲ್ಲಿ ಕತ್ತರಿ, ಚಿಮಟಗಳು ಕುದಿಯುತ್ತಿವೆ. ಬಿಸಿಲೇರಿದರೆ ಕರೆಂಟು ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಹಾಗಾಗಿ ಇಲ್ಲಿನ ಆಪರೇಷನ್‌ಗಳೆಲ್ಲ ಕೋಳಿ ಕೂಗುವ ಹೊತ್ತಿಗೇ ಶುರು.

ಮೇಜಿನ ಮೇಲಿರುವವನು ಹೊನ್ನಯ್ಯ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುವವನು. ಹರ್ನಿಯಾ ಆಗಿದೆ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದಾರೆ. ಸೊಂಟದ ಮೇಲೆ ಪೂರ್ತಿ ಎಚ್ಚರ, ಪೂರ್ತಿ ಮಾತು.

"ಏನ್ ಡಾಕ್ಟ್ರೇ, ಇನ್ನೂ ಸುರು ಮಾಡ್ನಿಲ್ವಾ?"

"ಅರ್ಧ ಮುಗೀತು ಕಣಣ್ಣ."

"ಅಯ್ಯೋ ಸಿವನೇ! ಒಂದ್ ಮಾತು ಯೋಳ್ಬುಟ್ಟು ಕುಯ್ಯಬಾರ್ದಾ?"

"ಹೇಳಿದ್ರೆ ಎದ್ದು ಓಡೋಗ್ತಿದ್ದೆ ನೀನು."

"ಎಲ್ಲಿಗ್ ಓಡ್ಲಿ? ಕಾಲೇ ಇಲ್ದಂಗ್ ಮಾಡಿದ್ದೀರಲ್ಲ!"

ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಆಯಾ ಮುದ್ದಮ್ಮ ತಲೆ ಎತ್ತುವುದಿಲ್ಲ. "ಇವ್ನ್ ಬಾಯ್ಗೂ ಒಂದ್ ಸೂಜಿ ಚುಚ್ಚಿ ಡಾಕ್ಟ್ರೇ," ಎನ್ನುತ್ತಾರೆ.

ಡಾಕ್ಟರ ಹೆಸರು ಕೆಂಪಸಿದ್ದಯ್ಯ, ಊರು ಪೂರಿಗಾಲಿ. ತಂದೆ ಇನ್ನೊಬ್ಬರ ಗದ್ದೆಯಲ್ಲಿ ಕೂಲಿಯಾಳು. ಮಗ ಹಾಸ್ಟೆಲುಗಳಲ್ಲಿ ಓದಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿಗೆ ಬಂದರು. ದಿನವೂ ನೂರರ ಆಸುಪಾಸು ರೋಗಿಗಳು, ವಾರಕ್ಕೆ ಐದಾರು ಆಪರೇಷನ್. ಈ ಕೆಲಸವನ್ನು ಓದಿಕೊಂಡವರ ಹೆಸರಿನ ಮುಂದೆ ಎಂ.ಎಸ್. ಎಂಬ ಎರಡಕ್ಷರ ಇರುತ್ತದೆ. ಇವರ ಹೆಸರಿನ ಮುಂದೆ ಅದು ಇಲ್ಲ.

"ಹರ್ನಿಯಾ, ಅಪೆಂಡಿಕ್ಸು, ಮಚ್ಚಿನೇಟು, ಇಷ್ಟು ನನ್ನ ಕೈಗೆ ಬರುತ್ತೆ," ಎನ್ನುತ್ತಾರೆ ಅವರು, ಹೊನ್ನಯ್ಯನ ಆಪರೇಷನ್ ಮುಗಿಸಿ ಕೈ ತೊಳೆಯುತ್ತ. "ಹೊಟ್ಟೆಯೊಳಗೆ ಅದಕ್ಕಿಂತ ಆಳಕ್ಕೆ ಹೋಗೋದು ಬರಲ್ಲ. ಅಂಥವರನ್ನ ಮೈಸೂರಿನ ಬಸ್ಸು ಹತ್ತಿಸ್ತೀನಿ. ಹತ್ತಿಸಿದವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ಅದನ್ನ ಕಲೀಬೇಕು, ಅಷ್ಟೇ ನನ್ನಾಸೆ."

ಕಲಿಯಲು ಸರ್ಜರಿಯ ಸೀಟು ಬೇಕು. ಎಲ್ಲ ಡಾಕ್ಟರುಗಳಿಗೂ ಬೇಕಾದ ಸೀಟು ಅದು, ಇರುವುದು ಬೆರಳೆಣಿಕೆಯಷ್ಟು. ಅದು ಇವರಿಗೇಕೆ ಸಿಕ್ಕಿಲ್ಲ ಎಂಬುದನ್ನು ಕೆಂಪಸಿದ್ದಯ್ಯ ಎರಡು ಸಲ ಬಿಡಿಸಿ ಹೇಳಿದರು. ಕೇಳಿದವರಿಗೆ ಎರಡನೆಯ ಸಲ ಅರ್ಥವಾಯಿತು. ಅರ್ಥವಾದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು.

ಅವರು ಪಾಸಾದ ಕಾಲಕ್ಕೆ ಸರ್ಜರಿ ವಿಷಯದಲ್ಲಿ ಹೆಚ್ಚು ಅಂಕ ಪಡೆದವರಿಗೆ ಸೀಟು. ಇವರಿಗೆ ಕೂದಲೆಳೆಯಷ್ಟು ಕಡಿಮೆ ಬಿತ್ತು. ಬೇಕಾದರೆ ಆ ಒಂದು ವಿಷಯವನ್ನು ಮತ್ತೆ ಬರೆಯಬಹುದು, ಆದರೆ ಹಳೆಯ ಅಂಕವನ್ನು ಬಿಟ್ಟುಕೊಡಬೇಕು ಎಂದಿತು ವಿಶ್ವವಿದ್ಯಾಲಯ. ಇವರು ಬಿಟ್ಟುಕೊಟ್ಟರು. ಆಸ್ಪತ್ರೆಯ ಕೆಲಸದ ನಡುವೆಯೇ ಓದಿ, ಮತ್ತೆ ಬರೆದರು. ಚೆನ್ನಾಗಿಯೇ ಬರೆದರು.

ಬರೆದದ್ದಕ್ಕೂ ಫಲಿತಾಂಶಕ್ಕೂ ನಡುವೆ ಹೊಸ ನಿಯಮ ಬಂತು. ಅಂಕಗಳ ಹುಚ್ಚು ಹುಡುಗರನ್ನು ಹಾಳು ಮಾಡುತ್ತಿದೆ, ಇನ್ನು ಮುಂದೆ ಅಂಕ ಬೇಡ, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ಹೇಳಿದರೆ ಸಾಕು ಎಂದು ತೀರ್ಮಾನವಾಯಿತು. ಒಳ್ಳೆಯ ಉದ್ದೇಶವೇ ಇರಬೇಕು. ಕೆಂಪಸಿದ್ದಯ್ಯ ಉತ್ತೀರ್ಣರಾದರು. ಅಲ್ಲಿಗೆ ಅವರ ಹಳೆಯ ಅಂಕ ರದ್ದಾಗಿತ್ತು, ಹೊಸ ಅಂಕ ಹುಟ್ಟಲೇ ಇಲ್ಲ.

ಈಗ ಆಯ್ಕೆಗೆ ಎರಡು ದಾರಿ. ಹಿಂದೆ ಪಾಸಾದವರಿಗೆ ಅಂಕ ನೋಡುತ್ತಾರೆ. ನಿಯಮ ಬಂದ ಮೇಲೆ ಓದು ಮುಗಿಸಿದ ಹುಡುಗರಿಗೆ ಸಂದರ್ಶನ, ಜೊತೆಗೆ ಪ್ರೊಫೆಸರರ ಶಿಫಾರಸು. ಮುಚ್ಚಿದ ಬಾಗಿಲಿನ ಸಂದಿಗೆ ಸಿಕ್ಕ ಬೆರಳಿನಂತೆ ಇವರು ಎರಡರ ನಡುವೆ.

"ಸಂದರ್ಶನಕ್ಕೆ ಅಂತ ಹೋದೆ. 'ನೀವು ಹಳಬರೋ ಹೊಸಬರೋ' ಅಂದ್ರು. ನನಗೂ ಗೊತ್ತಿಲ್ಲ ಸಾರ್, ನೀವೇ ಹೇಳಬೇಕು ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಕಾಫಿ ಬಂತು. ನನಗೂ ಒಂದು ಲೋಟ ಕೊಟ್ರು."

ಶಿಫಾರಸು ಪತ್ರ ಕೇಳಲು ತಮ್ಮ ಪ್ರೊಫೆಸರರ ಮನೆಗೂ ಹೋಗಿದ್ದರು. ಅವರಿಗೆ ಈ ಶಿಷ್ಯನ ನೆನಪಿರಲಿಲ್ಲ. "ಅವರ ತಪ್ಪಲ್ಲ. ಸಂಜೆ ಅವರ ಮನೆಗೆ ಹೋಗಿ ಕೂರ್ತಿದ್ದ ಹುಡುಗರು ಬೇರೆ. ನಾನು ಹಾಸ್ಟೆಲಿನ ಊಟದ ಗಂಟೆಗೆ ಓಡ್ತಿದ್ದೆ. ಅಂಕಕ್ಕೆ ನಮ್ಮಪ್ಪ ಯಾರು ಅಂತ ಗೊತ್ತಿರ್ತಿರಲಿಲ್ಲ ನೋಡಿ. ಅದೊಂದು ಅನುಕೂಲ ಇತ್ತು."

ಕಳೆದ ವಾರ ಸೀಟು ಹಂಚುವ ಮಂಡಳಿಯ ಉತ್ತರ ಬಂದಿದೆ. ಸರ್ಜರಿ ಇಲ್ಲ. ಅನಾಟಮಿಯಲ್ಲಿ ಸೀಟು ಖಾಲಿ ಇದೆ, ಯಾರೂ ಕೇಳುತ್ತಿಲ್ಲವಾದ್ದರಿಂದ ಅಂಕದ ಪ್ರಶ್ನೆ ಏಳುವುದಿಲ್ಲ, ಒಪ್ಪುವುದಾದರೆ ಸೋಮವಾರದೊಳಗೆ ತಿಳಿಸಿ. ಅನಾಟಮಿ ಎಂದರೆ ಹೆಣ ಕೊಯ್ದು ದೇಹದ ರಚನೆ ಕಲಿಯುವ, ಕಲಿಸುವ ವಿದ್ಯೆ. ಓದಿದರೆ ಕಾಲೇಜಿನಲ್ಲಿ ಕೆಲಸ, ಪಟ್ಟಣದಲ್ಲಿ ಮನೆ. ಆದರೆ ಒಂದು ಸೀಟು ಹಿಡಿದವರು ಇನ್ನೊಂದಕ್ಕೆ ಅರ್ಜಿ ಹಾಕುವಂತಿಲ್ಲ. ಬೇಡವೆಂದರೆ, ವಯಸ್ಸಿನ ಮಿತಿಗೆ ಒಳಪಟ್ಟು ಸರ್ಜರಿಗೆ ಅರ್ಜಿ ಹಾಕಲು ಉಳಿದಿರುವುದು ಇನ್ನೊಂದೇ ವರ್ಷ.

ಮುದ್ದಮ್ಮನವರಿಗೆ ಇದರಲ್ಲಿ ಯೋಚಿಸುವುದೇನೂ ಕಾಣುವುದಿಲ್ಲ. "ಸತ್ತೋರು ನೋವು ಅನ್ನಕಿಲ್ಲ, ಸರವೊತ್ನಲ್ಲಿ ಎಬ್ಬುಸ್ಕಂಡ್ ಓಗಕಿಲ್ಲ. ಕಣ್ಮುಚ್ಕಂಡು ಒಪ್ಕಳಿ ಡಾಕ್ಟ್ರೇ."

"ನಾನು ಹೋದ್ರೆ ಇಲ್ಲಿ ಯಾರು ಮುದ್ದಮ್ಮ?"

"ನಾನೇ ಕುಯ್ತೀನಿ. ನಂಗೂ ಅಂಕ ಇಲ್ಲ, ನಿಮ್ಗೂ ಇಲ್ಲ!"

ಕೆಂಪಸಿದ್ದಯ್ಯ ಜೋರಾಗಿ ನಗುತ್ತಾರೆ.

ಕರೆಂಟು ಹೋಗಿದೆ. ಡಾಕ್ಟರು ವಾರ್ಡಿಗೆ ಬರುತ್ತಾರೆ. ಮೂರು ದಿನದ ಹಿಂದೆ ಅಪೆಂಡಿಕ್ಸ್ ತೆಗೆಸಿಕೊಂಡ ಚಿಕ್ಕಮಾದಮ್ಮ ಗೋಡೆಗೊರಗಿ ಕೂತಿದ್ದಾರೆ.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಕುಂತಿವ್ನಿ. ಗಂಜಿ ಕುಡ್ದು ಕುಡ್ದು ನಾಲ್ಗೆ ಸತ್ತೋಯ್ತು. ಒಂದ್ ತುತ್ತು ಮುದ್ದೆ ಕೊಟ್ರೆ ನಿಮ್ಮಪ್ಪನ್ ಮನೆ ಗಂಟು ಕರಗೋಯ್ತದಾ?"

"ನಾಳೆ ಕೊಡ್ತೀನಿ ಕಣವ್ವ."

"ನೆನ್ನೆನೂ ನಾಳೆ ಅಂದ್ರಿ. ಓದ್ದೋರ್ ಮಾತೇ ಇಷ್ಟು, ಬುಡಿ!"

ಡಾಕ್ಟರು ಬಗ್ಗಿ ಹೊಲಿಗೆ ನೋಡುತ್ತಾರೆ. ಬೆರಳಿನಿಂದ ಸುತ್ತಲೂ ಮೆಲ್ಲಗೆ ಒತ್ತುತ್ತಾರೆ. ಚಿಕ್ಕಮಾದಮ್ಮ ಬಯ್ಯುವುದನ್ನು ನಿಲ್ಲಿಸುವುದಿಲ್ಲ. ಮೊಗಸಾಲೆಗೆ ಬಂದ ಮೇಲೂ ಆ ದನಿ ಕೇಳುತ್ತಲೇ ಇದೆ.

"ಅನಾಟಮಿ ಬೇಡ ಅಂತ ಬರೀತೀನಿ," ಎನ್ನುತ್ತಾರೆ ಕೆಂಪಸಿದ್ದಯ್ಯ. "ಮುಂದಿನ ವರ್ಷ ಏನು ನೋಡ್ತಾರೆ, ಅಂಕಾನೋ, ಮುಖಾನೋ, ನಂಗೆ ತಿಳಿಯಲ್ಲ. ಸಿಗದೇ ಹೋಗಬಹುದು. ಆದ್ರೆ ಅನಾಟಮಿ ಮೇಜಿನ ಮೇಲಿರೋರು ಮಾರನೇ ದಿನ ಎದ್ದು ಕೂರಲ್ಲವಲ್ಲ. ನನ್ನ ಕೈಯಲ್ಲಿ ಕುಯ್ಸಿಕೊಂಡೋರು ಎದ್ದು ಕೂತು ನನ್ನ ಬಯ್ಯಬೇಕು."